ಬಳ್ಳಾರಿ ಮಾಳಿಗೆ ಮೇಲೊಂದು ಮಳೆನೀರಿನ ಜೌಗು: ಒಂದು ವರ್ಷದ ಕೆಲಸದ ದಾಖಲೆ

ನನ್ನದು ಬಳ್ಳಾರಿಯಲ್ಲಿ ಇನ್ವರ್ಟರ್ ಬ್ಯಾಟರಿ ಅಂಗಡಿ. ಹೋದ ವರ್ಷ ಮೇ ಕೊನೆಯಲ್ಲಿ ಪಿಯುಸಿ ಓದುವ ಮಗಳು ಒಂದು ಮಾತು ಕೇಳಿದಳು. "ಅಪ್ಪಾ, ಬರೀ ಮಳೆ ನೀರು ಕುಡ್ಕಂಡು ಬದುಕೋ ಜೌಗು ಅದಾವಂತೆ. ಹಳ್ಳ ಇಲ್ಲ, ನೀರಿನ ಸೆಲೆ ಇಲ್ಲ, ಕೆಳಗಿನ ಮಣ್ಣೂ ಅದಕ್ಕೆ ಸಿಗಲ್ಲ. ಹೆಂಗೆ ಬದುಕ್ತಾವು?" ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಟಬ್‌ನಲ್ಲಿ ಮಾಡಿಯೇ ನೋಡೋಣ ಅಂದೆ. ಮೂರು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಒಂದು ವರ್ಷ ಹಿಡಿಯಿತು.

ಇಂಥ ಜೌಗು ಜಾಸ್ತಿ ಇರುವುದು ಐರ್ಲೆಂಡ್, ಸ್ಕಾಟ್ಲೆಂಡ್, ಕೆನಡಾ, ರಷ್ಯಾದಂಥ ತಂಪು ನಾಡುಗಳಲ್ಲಿ. ಸ್ಫ್ಯಾಗ್ನಮ್ ಎಂಬ ಹಾವಸೆ ಅಲ್ಲಿ ಬೆಳೆಯುತ್ತದೆ. ಅದು ಸತ್ತರೂ ಪೂರ್ತಿ ಕೊಳೆಯುವುದಿಲ್ಲ. ಒಂದರ ಮೇಲೊಂದು ಪದರ ಕೂತು ಪೀಟ್ ಆಗುತ್ತದೆ, ಸುತ್ತಲ ನೆಲಕ್ಕಿಂತ ಎತ್ತರಕ್ಕೆ ಏರುತ್ತದೆ. ಅಷ್ಟು ಎತ್ತರಕ್ಕೆ ಬಂದ ಮೇಲೆ ನೆಲದೊಳಗಿನ ನೀರು ಅದಕ್ಕೆ ಎಟುಕುವುದಿಲ್ಲ. ಮಳೆ, ಮಂಜು, ಗಾಳಿಯ ಧೂಳು, ಇಷ್ಟರಲ್ಲಿ ಏನು ಬರುತ್ತದೋ ಅದೇ ಊಟ. ಅಲ್ಲಿನ ನೀರಿನ ಪಿಎಚ್ 4ರ ಆಸುಪಾಸು, ಅಂದರೆ ಹುಳಿ. ಪಿಎಚ್ 7 ಇದ್ದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ.

ನಾನು ಮಾಡಿದ್ದನ್ನೆಲ್ಲ ಇಲ್ಲಿ ತಾರೀಕಿನ ಪ್ರಕಾರ ಬರೆದಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ. ನಮ್ಮ ಸೀಮೆಯ ನೀರು ಇಟ್ಟುಕೊಂಡು ಮಾಡುವವರಿಗೆ ಕೆಲಸಕ್ಕೆ ಬರುವುದು ಅವೇ.

ಜೂನ್ 2: ನೀರಿನ ಲೆಕ್ಕ

ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ತೋರಿಸುವ ಟಿಡಿಎಸ್ ಪೆನ್ ಅಂಗಡಿಯಲ್ಲೇ ಇತ್ತು. ಪಿಎಚ್ ಪೆನ್ 700 ರೂಪಾಯಿ ಕೊಟ್ಟು ತರಿಸಿದೆ. ಸಿಕ್ಕ ನೀರನ್ನೆಲ್ಲ ಅಳೆದೆ. ನಮ್ಮ ಬೋರ್ ನೀರಿನ ಟಿಡಿಎಸ್ 1380. ಊರಿನ ನಲ್ಲಿ ನೀರು 240. ಆರ್‌ಒ ನೀರು 48. ಎಸಿಯಿಂದ ಹನಿಯುವ ನೀರು 14. ಅಂಗಡಿಯ ಬ್ಯಾಟರಿ ನೀರು, ಅಂದರೆ ಬ್ಯಾಟರಿಗೆ ಹಾಕುವ ಉಪ್ಪು ತೆಗೆದ ನೀರು, 3.

60 ಸೆಂಟಿಮೀಟರ್ ಅಗಲದ ದುಂಡನೆ ಬಿಳಿ ಪ್ಲಾಸ್ಟಿಕ್ ಟಬ್ ತಂದೆ, 380 ರೂಪಾಯಿ. ಅದರಲ್ಲಿ ನೀರು ತುಂಬಿ ಮಾಳಿಗೆ ಮೇಲೆ ಇಟ್ಟು, ಒಂದು ವಾರ ಸ್ಕೇಲ್ ಹಿಡಿದು ನೋಡಿದೆ. ದಿನಕ್ಕೆ 7 ಮಿಲಿಮೀಟರ್ ಇಳಿಯಿತು. ಅಂದರೆ ದಿನಕ್ಕೆ 2 ಲೀಟರ್ ಆವಿ. ನಮ್ಮ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಇಡೀ ವರ್ಷದ ಮಳೆ ಈ ಟಬ್‌ಗೆ ನೇರವಾಗಿ ಬಿದ್ದರೂ ಸುಮಾರು 170 ಲೀಟರ್ ಅಷ್ಟೇ. ಆವಿಯಾಗಿ ಹೋಗುವುದು 600 ಲೀಟರ್‌ಗೂ ಜಾಸ್ತಿ. ಬಿದ್ದ ಮಳೆ ಆರಿದ ನೀರಿಗಿಂತ ಹೆಚ್ಚಿರುವ ಕಡೆ ಮಾತ್ರ ಈ ಜೌಗು ಹುಟ್ಟುತ್ತದೆ ಅನ್ನುವುದು ಈ ಲೆಕ್ಕ ಹಾಕಿದಾಗಲೇ ನನಗೆ ಅರ್ಥವಾಯಿತು. ನಮ್ಮಲ್ಲಿ ಅದು ತಾನಾಗಿ ನಿಲ್ಲುವುದಿಲ್ಲ. ಬೇರೆ ಜಾಗದ ಮಳೆಯನ್ನು ಹಿಡಿದು ಟಬ್‌ಗೆ ಕೊಡಬೇಕು.

ಜೂನ್ 20ರಿಂದ ಜುಲೈ 14: ಮೊದಲ ಸೋಲು

ಮಳೆ ಬರುವವರೆಗೆ ಕಾಯಲಿಲ್ಲ. ಇದು ಮೊದಲ ತಪ್ಪು.

ನರ್ಸರಿಯಿಂದ ಕೋಕೋಪೀಟ್ ಇಟ್ಟಿಗೆ ತಂದೆ. ಹೆಸರಿನಲ್ಲಿ ಪೀಟ್ ಇದೆ, ಆದರೆ ಅದು ತೆಂಗಿನ ನಾರಿನ ಪುಡಿ. ಅದರಲ್ಲಿ ಪೊಟ್ಯಾಷಿಯಂ, ಸೋಡಿಯಂ ಉಪ್ಪು ಉಳಿದಿರುತ್ತದೆ. ಬ್ಯಾಟರಿ ನೀರಲ್ಲಿ ನೆನೆಸಿ ಹಿಂಡಿ ಅಳೆದರೆ 900 ಬಂತು. ನಾಲ್ಕು ಸಲ ತೊಳೆದ ಮೇಲೆ 210. ಸಾಕು ಅಂತ ಟಬ್‌ಗೆ ಹಾಕಿಬಿಟ್ಟೆ.

ಅದಕ್ಕಿಂತ ದೊಡ್ಡ ತಪ್ಪು ನೀರಿನದು. ಜೌಗಿನ ನೀರು ಹುಳಿ ಅಂತ ಓದಿದ್ದೆ. ಆಸಿಡ್ ನನ್ನ ಕೈಯಲ್ಲೇ ಇದೆ. 20 ಲೀಟರ್ ಬೋರ್ ನೀರಿಗೆ ಬ್ಯಾಟರಿ ಆಸಿಡ್ ಹನಿ ಹನಿ ಬಿಟ್ಟು ಪಿಎಚ್ 7.9ರಿಂದ 4.6ಕ್ಕೆ ತಂದೆ. ಎರಡು ದಿನ ಬಿಟ್ಟು ನೋಡಿದರೆ 6.1ಕ್ಕೆ ಏರಿತ್ತು. ನೀರಿನಲ್ಲಿದ್ದ ಬೈಕಾರ್ಬೊನೇಟ್ ಆಸಿಡ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಗಾಳಿ ಹೊರಗೆ ಹೋದ ಹಾಗೆ ಪಿಎಚ್ ಮೇಲೆ ಬರುತ್ತದೆ. ಮತ್ತೆ ಆಸಿಡ್ ಬಿಟ್ಟೆ. ಟಿಡಿಎಸ್ ಮಾತ್ರ 1400ರಿಂದ ಒಂದು ಚೂರೂ ಇಳಿಯಲಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಎಲ್ಲ ಅಲ್ಲೇ ಇತ್ತು. ಆಸಿಡ್ ಹಾಕಿ ನಾನು ಮಾಡಿದ್ದು ಒಂದು ಉಪ್ಪಿನ ಜಾಗದಲ್ಲಿ ಇನ್ನೊಂದು ಉಪ್ಪು ಇಟ್ಟಿದ್ದು, ಅಷ್ಟೇ.

ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಜೀವಂತ ಸ್ಫ್ಯಾಗ್ನಮ್ ಒಂದು ಹಿಡಿ ಬಂತು, 450 ರೂಪಾಯಿ. ಜೂನ್ 24ಕ್ಕೆ ನೆಟ್ಟೆ. ಜುಲೈ 5ಕ್ಕೆ ತುದಿ ಬಿಳುಚಿತು. ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿತು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ, ದಿನಾ ಗಟ್ಟಿಯಾಗುತ್ತಾ ಹೋಗುತ್ತದೆ. ಜುಲೈ 14ಕ್ಕೆ ಎಲ್ಲ ಕಂದು. ಮಗಳು ಮಾತಾಡಲಿಲ್ಲ, ಸುಮ್ನೆ ಒಂದು ಎಳೆ ಎತ್ತಿ ನೋಡಿ ಇಟ್ಟಳು. ನನಗೆ ಬಹಳ ಬೇಸರವಾಯಿತು.

ಒಂದು ಎಚ್ಚರಿಕೆ. ಬ್ಯಾಟರಿ ಆಸಿಡ್ ಅಭ್ಯಾಸ ಇಲ್ಲದವರು ಈ ಪ್ರಯತ್ನ ಮಾಡಲೇಬೇಡಿ. ಕೈಗವಸು, ಕನ್ನಡಕ ಹಾಕಿಕೊಂಡು ಮಾಡುವ ಕೆಲಸ ಅದು. ಮಾಡಿದರೂ ಉಪಯೋಗವಿಲ್ಲ ಅನ್ನುವುದನ್ನು ನನ್ನ 450 ರೂಪಾಯಿ ಹೇಳಿದೆ.

ಜುಲೈ 22: ಮಾಳಿಗೆ ನೀರು

ಒಂದು ಒಳ್ಳೆ ಮಳೆ ಬಂತು. ಮಾಳಿಗೆ ಪೈಪಿನ ಕೆಳಗೆ ಡ್ರಮ್ ಇಟ್ಟೆ. 200 ಲೀಟರ್ ನೀಲಿ ಡ್ರಮ್, ಹಳೆಯದು, 900 ರೂಪಾಯಿ. ಕೊಳ್ಳುವಾಗ ಒಳಗೆ ಮೊದಲು ಏನಿತ್ತು ಅಂತ ಕೇಳಿ ತಗೊಳ್ಳಿ. ಗಂಟೆಯಲ್ಲಿ ತುಂಬಿತು. ಟಿಡಿಎಸ್ 130, ಪಿಎಚ್ 9.3.

ಮಳೆನೀರು 9.3 ಹೇಗೆ ಬಂತು ಅಂತ ಪೆನ್ನನ್ನೇ ಸಂಶಯ ಪಟ್ಟೆ. ಪೆನ್ ಹೊಂದಿಸಲು ಬಳಸುವ, ಪಿಎಚ್ 4.01 ಮತ್ತು 6.86ರ ಪುಡಿ ನೀರಿಗೆ ಕಲಸಿ ಮತ್ತೆ ಹೊಂದಿಸಿದೆ. ಆಗಲೂ ಅಷ್ಟೇ. ಅಷ್ಟರಲ್ಲಿ ಅವ್ವ ಹೇಳಿದಳು, "ಯುಗಾದಿ ಮುಂದ ಮಾಳಿಗಿಗೆ ಸುಣ್ಣ ಹೊಡ್ಸಿದ್ದು ನೀನ ಅಲ್ಲೇನಪಾ?" ಹೌದು. ಬಿಸಿಲು ತಡೆಯಲಿ ಅಂತ ಮಾರ್ಚ್‌ನಲ್ಲಿ ಎರಡು ಕೈ ಸುಣ್ಣ ಹೊಡೆಸಿದ್ದೆ. ಅದರ ಕೆಳಗೆ ಸಿಮೆಂಟ್ ಗಾರೆ. ಮಳೆ ಅದನ್ನೆಲ್ಲ ತೊಳೆದುಕೊಂಡು ಬಂದಿತ್ತು. ಆ ನೀರು ಬಚ್ಚಲಿಗೆ, ಬಟ್ಟೆಗೆ ಹೋಯಿತು.

ಆಗಸ್ಟ್ 3: ತಾಡಪತ್ರಿ

8 ಅಡಿ, 6 ಅಡಿಯ ಹೊಸ ತಾಡಪತ್ರಿ, 420 ರೂಪಾಯಿ. ನಾಲ್ಕು ಬೊಂಬು ನಿಲ್ಲಿಸಿ ಓರೆಯಾಗಿ ಕಟ್ಟಿದೆ. ತಗ್ಗಿನ ಅಂಚಿಗೆ ಅರ್ಧ ಸೀಳಿದ ಪಿವಿಸಿ ಪೈಪ್, ಅದರಿಂದ ಡ್ರಮ್‌ಗೆ. ಈ ತಾಡಪತ್ರಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 89 ಲೀಟರ್. ನನಗೆ ಸಿಕ್ಕಿದ್ದು 74. ಗಾಳಿಗೆ ಸಿಡಿದು ಹೋಗಿದ್ದು, ಮಡಿಕೆಯಲ್ಲಿ ನಿಂತಿದ್ದು ಉಳಿದದ್ದು.

ಮಳೆಯ ಮೊದಲ ಹತ್ತು ನಿಮಿಷದ ನೀರು 64 ತೋರಿಸಿತು. ಅರ್ಧ ಗಂಟೆ ಆದ ಮೇಲೆ 9. ಮೊದಲಿನದು ನಮ್ಮ ಊರಿನ ಕೆಂಪು ಧೂಳು ತೊಳೆದ ನೀರು. ಅದನ್ನು ಹೊರಗೆ ಬಿಟ್ಟು ಆಮೇಲೆ ಹಿಡಿಯಬೇಕು. ಪಿಎಚ್ 6.4. ಶುದ್ಧ ಮಳೆ ಗಾಳಿಯ ಡೈಆಕ್ಸೈಡ್ ಹೀರಿಕೊಂಡು 5.6ರ ಹತ್ತಿರ ಇರುತ್ತದೆ. ಒಣನಾಡಿನ ಧೂಳಿನಲ್ಲಿ ಸುಣ್ಣದ ಅಂಶ ಇರುವುದರಿಂದ ನಮ್ಮ ಕಡೆ ಸ್ವಲ್ಪ ಮೇಲೆ. ಇನ್ನೊಂದು ಮಾತು: ಇಷ್ಟು ತಿಳಿ ನೀರಿನಲ್ಲಿ ಅಗ್ಗದ ಪಿಎಚ್ ಪೆನ್ ಬೇಗ ನಿಲ್ಲುವುದಿಲ್ಲ, ಅಂಕಿ ಓಡಾಡುತ್ತದೆ. ನಾಲ್ಕೈದು ನಿಮಿಷ ಕಾದು ಬರೆದುಕೊಳ್ಳಿ.

ಡ್ರಮ್ ಬಾಯಿಗೆ ಎರಡು ಪದರ ಸೊಳ್ಳೆ ಪರದೆ ಕಟ್ಟಿದೆ. ಡೆಂಗ್ಯೂ ಕಾಲ ಅದು. ಇದನ್ನು ಮಾತ್ರ ಮರೆಯಬಾರದು.

ಆಗಸ್ಟ್ 10ರಿಂದ 30: ಹಾಸು

ಕೆಳಗೆ ಮರಳು ಬೇಕು. ಮನೆ ಕಟ್ಟುವಾಗ ಉಳಿದಿದ್ದ ಹಗರಿ ಹೊಳೆಯ ಮರಳು ಇತ್ತು. ಒಂದು ಚಮಚ ಮರಳಿಗೆ ಎರಡು ಹನಿ ಆಸಿಡ್ ಬಿಟ್ಟೆ, ನೊರೆ ಬಂತು. ಎರೆಭೂಮಿಯ ಸುಣ್ಣಕಲ್ಲಿನ ಚೂರು ಅದರಲ್ಲಿ ಸೇರಿತ್ತು. ನೊರೆ ಬರುವ ಮರಳು ಬೇಡ. ನೀರಿನ ಫಿಲ್ಟರ್‌ಗೆ ಹಾಕುವ ಬಿಳಿ ಮರಳು ಕಿಲೋಗೆ 25 ರೂಪಾಯಿಯಂತೆ 15 ಕಿಲೋ ತಂದೆ. ಆಸಿಡ್ ಬಿಟ್ಟರೂ ಸದ್ದಿಲ್ಲ.

ಆಮೇಲೆ ಪೀಟ್. 600 ರೂಪಾಯಿ ಕೊಟ್ಟು ಒಂದು ಚೀಲ ನಿಜವಾದ ಪೀಟ್ ತರಿಸಿ ತುಂಬಿದೆ. ಒಂಬತ್ತು ದಿನಕ್ಕೆ ಮೇಲೆಲ್ಲ ಹಸಿರು ಪಾಚಿ. ಚೀಲದ ಹಿಂದಿನ ಸಣ್ಣ ಅಕ್ಷರ ಆಗ ಓದಿದೆ. ಸುಣ್ಣ ಬೆರೆಸಿ ಪಿಎಚ್ 5.5ರಿಂದ 6.5ಕ್ಕೆ ತಂದಿದ್ದರು, ಸಸಿಗೆ ಬೇಕಾದ ಗೊಬ್ಬರವನ್ನೂ ಸೇರಿಸಿದ್ದರು. ತರಕಾರಿ ಸಸಿ ಮಾಡುವವರಿಗೆ ಅದು ಸರಿ. ನನಗೆ ಅದೇ ವಿಷ. ಸುಣ್ಣ ತೊಳೆದರೂ ಹೋಗುವುದಿಲ್ಲ. ಇಡೀ ಚೀಲ ಕರಿಬೇವಿನ ಕುಂಡಕ್ಕೆ ಹೋಯಿತು. ಚೀಲದ ಹಿಂಭಾಗ ಓದದೆ ದುಡ್ಡು ಕೊಡಬೇಡಿ.

ಆ ರಾತ್ರಿ ಇನ್ನೊಂದು ಲೆಕ್ಕ ತಲೆಗೆ ಬಂತು. ಪೀಟ್ ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ನಾನು ಟಬ್‌ನಲ್ಲಿ 15 ಸೆಂಟಿಮೀಟರ್ ತುಂಬಿದ್ದೆ. ಅಂದರೆ ಎಲ್ಲೋ ಒಂದು ಜೌಗು 150 ವರ್ಷ ಕೂತು ಮಾಡಿದ್ದನ್ನು ನಾನು ಒಂಬತ್ತು ದಿನದಲ್ಲಿ ಕರಿಬೇವಿಗೆ ಹಾಕಿದೆ. ಭೂಮಿಯ ನೆಲದಲ್ಲಿ ನೂರಕ್ಕೆ ಸುಮಾರು 3 ಪಾಲು ಮಾತ್ರ ಪೀಟ್ ನೆಲ. ಪ್ರಪಂಚದ ಕಾಡುಗಳ ಮರಗಿಡಗಳೆಲ್ಲ ಸೇರಿ ಹಿಡಿದಿಟ್ಟಿದ್ದಕ್ಕಿಂತ ಜಾಸ್ತಿ ಇಂಗಾಲ ಅದರಲ್ಲಿದೆ. ಅಗೆದು ಒಣಗಿಸಿದರೆ ಅದು ಗಾಳಿಗೆ ಹೋಗುತ್ತದೆ. ಇನ್ನು ಪೀಟ್ ಕೊಳ್ಳುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಕೊನೆಗೆ ನಿಂತ ಹಾಸು ಹೀಗಿದೆ. ತಳದಲ್ಲಿ 5 ಸೆಂಟಿಮೀಟರ್ ಫಿಲ್ಟರ್ ಮರಳು. ಅದರ ಮೇಲೆ 12 ಸೆಂಟಿಮೀಟರ್ ಒಣ ಸ್ಫ್ಯಾಗ್ನಮ್, ಆರ್ಕಿಡ್ ಬೆಳೆಸುವವರು ಬಳಸುವ ಉದ್ದ ಎಳೆಯದು. ಇದು ಜೌಗಿನ ಮೇಲ್ಪದರದಿಂದ ಕೊಯ್ದದ್ದು, ಪೀಟ್‌ನಷ್ಟು ಹಳೆಯದಲ್ಲ. 1 ಕಿಲೋ 1100 ರೂಪಾಯಿ. ಬ್ಯಾಟರಿ ನೀರಲ್ಲಿ ನೆನೆಸಿ ಹಿಂಡಿ ಅಳೆದರೆ 22. ಒಣಗಿದಾಗ 50 ಗ್ರಾಂ ಇದ್ದದ್ದು ನೀರು ಕುಡಿದು 890 ಗ್ರಾಂ ಆಯಿತು. ಅದರ ಎಲೆಯಲ್ಲಿ ಸತ್ತ ಜೀವಕೋಶಗಳು ಖಾಲಿ ಚೀಲದ ಹಾಗೆ ಇರುತ್ತವೆ, ನೀರು ನಿಲ್ಲುವುದು ಅದರಲ್ಲೇ.

ಟಬ್ ಪಕ್ಕದಲ್ಲಿ, ಹಾಸಿನ ಮೇಲ್ಮೈಗಿಂತ 5 ಸೆಂಟಿಮೀಟರ್ ಕೆಳಗೆ, 8 ಮಿಲಿಮೀಟರ್ ತೂತು ಕೊರೆದೆ. ಜಾಸ್ತಿ ನೀರು ಅಲ್ಲಿಂದ ಹೋಗಬೇಕು. ಒಂದು ಅಂಚಿಗೆ ತೂತು ಮಾಡಿದ 2 ಇಂಚಿನ ಪಿವಿಸಿ ಪೈಪ್ ನೆಟ್ಟೆ. ಅದರಲ್ಲಿ ಕಡ್ಡಿ ಇಳಿಸಿ ನೀರಿನ ಮಟ್ಟ ನೋಡಬಹುದು, ಪೆನ್ ಇಳಿಸಿ ಅಳೆಯಬಹುದು. ಇಡೀ ಕೆಲಸದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಈ 30 ರೂಪಾಯಿಯ ಪೈಪ್ ತುಂಡು.

ಸೆಪ್ಟೆಂಬರ್ 7: ಎರಡನೇ ಹಾವಸೆ, ಉಪ್ಪಿನ ಪರೀಕ್ಷೆ

ಮತ್ತೆ 450 ರೂಪಾಯಿಯ ಜೀವಂತ ಹಾವಸೆ. ಜೊತೆಗೆ ನಾಲ್ಕು ಡ್ರಾಸೆರಾ ಬರ್ಮಾನಿ ಸಸಿ, ತಲಾ 180. ಎಲೆಯ ಮೇಲೆ ಅಂಟು ಹನಿ ಇಟ್ಟುಕೊಂಡು ಹುಳು ಹಿಡಿಯುವ ಗಿಡ. ನಮ್ಮ ರಾಜ್ಯದಲ್ಲೇ ಸಾರವಿಲ್ಲದ ಹಸಿ ನೆಲದಲ್ಲಿ ಬೆಳೆಯುತ್ತದೆ, ಬಿಸಿಲು ತಡೆಯುತ್ತದೆ. ಕಾಡಿನಿಂದ ಕಿತ್ತು ತರಬೇಡಿ. ಬೀಜದಿಂದ ಬೆಳೆಸಿ ಮಾರುವವರು ಸಿಗುತ್ತಾರೆ.

ನೆಡುವ ಮೊದಲು ಮಗಳು ಒಂದು ಪರೀಕ್ಷೆ ಮಾಡಿದಳು. ಇಡೀ ವರ್ಷದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಇದೇ. ಗಾಜಿನ ಲೋಟದಲ್ಲಿ ಬ್ಯಾಟರಿ ನೀರು, ಅದಕ್ಕೆ ಒಂದು ಹಿಡಿ ತೊಳೆದ ಜೀವಂತ ಹಾವಸೆ. ಪಿಎಚ್ 5.3. ಅದಕ್ಕೆ ಅರ್ಧ ಚಮಚ ಅಡುಗೆ ಉಪ್ಪು ಹಾಕಿ ಕಲಕಿದಳು. ಎರಡು ನಿಮಿಷದಲ್ಲಿ 4.1. ಉಪ್ಪು ಹುಳಿಯಲ್ಲ, ಆದರೂ ನೀರು ಹುಳಿಯಾಯಿತು! ಹಾವಸೆ ಇಲ್ಲದ ಲೋಟಕ್ಕೆ ಅಷ್ಟೇ ಉಪ್ಪು ಹಾಕಿದಾಗ ಅಂಥ ಇಳಿತ ಇಲ್ಲ.

ಹಾವಸೆಯ ಗೋಡೆಯಲ್ಲಿ ಹೈಡ್ರೊಜನ್ ಅಂಟಿಕೊಂಡಿರುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಬಂದರೆ ಅದನ್ನು ಹಿಡಿದುಕೊಂಡು ಹೈಡ್ರೊಜನ್ ಬಿಟ್ಟುಕೊಡುತ್ತದೆ. ಮಳೆಯಲ್ಲಿ ಬರುವ ಚೂರುಪಾರು ಪೋಷಕಾಂಶವನ್ನು ಅದು ಹಿಡಿಯುವುದೂ ಹೀಗೆ, ತನ್ನ ಸುತ್ತ ಹುಳಿ ಮಾಡಿ ಬೇರೆ ಗಿಡಗಳನ್ನು ದೂರ ಇಡುವುದೂ ಹೀಗೆ. ಜೂನ್‌ನಲ್ಲಿ ನಾನು ಬಾಟಲಿಯಿಂದ ಹಾಕಲು ಹೋದ ಹುಳಿಯನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಆದರೆ ಬೋರ್ ನೀರಿನ ಸುಣ್ಣದ ಮುಂದೆ ಆ ಶಕ್ತಿ ಸಾಲುವುದಿಲ್ಲ.

ಅಷ್ಟರಲ್ಲಿ ಇನ್ನೊಂದು ಡ್ರಮ್ ಸೇರಿಸಿದ್ದೆ, ಸೆಪ್ಟೆಂಬರ್ ಮಳೆಗೆ ಎರಡೂ ತುಂಬಿದವು. ತಿಂಗಳ ಕೊನೆಗೆ ಪೈಪಿನಲ್ಲಿ ಟಿಡಿಎಸ್ 26, ಪಿಎಚ್ 4.9. ಹಾವಸೆ ತುದಿಯಲ್ಲಿ ಹೊಸ ಹಸಿರು.

ಅಕ್ಟೋಬರ್ 18: ಅಕ್ಕಿ ತೊಳೆದ ನೀರು

ನಾವು ಮೂರು ದಿನ ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಹಾವಸೆ ಮೇಲೆ ಲೋಳೆ. ಟಿಡಿಎಸ್ 118. ಅವ್ವನನ್ನು ಕೇಳಿದೆ. "ಗಿಡ ಸಣ್ಣಗ ಸೊರಗಿದಂಗ ಕಂಡ್ವು, ಪಾಪ. ಅಕ್ಕಿ ತೊಳೆದ ನೀರು ದಿನಾ ಒಂದೊಂದು ಚರಿಗಿ ಹಾಕೀನಿ" ಅಂದಳು.

ಅವಳ ತಪ್ಪಲ್ಲ. ಐವತ್ತು ವರ್ಷ ಗಿಡ ಸಾಕಿದ ಕೈ. ಹೇಳದೆ ಹೋದದ್ದು ನನ್ನ ತಪ್ಪು. ಅಕ್ಕಿ ನೀರಿನಲ್ಲಿ ರಂಜಕ ಇದೆ, ಪಿಷ್ಟ ಇದೆ. ಸಾರಜನಕ, ರಂಜಕ ಇಲ್ಲದ ಕಡೆ ಬದುಕುವುದನ್ನು ಕಲಿತ ಗಿಡ ಇದು. ಅವೆರಡು ಬಂದರೆ ಲಾಭ ಪಾಚಿಗೆ, ಹುಲ್ಲಿಗೆ. ಯುರೋಪಿನ ಜೌಗುಗಳಿಗೆ ಆಗಿರುವುದೂ ಇದೇ. ಅಲ್ಲಿ ವಾಹನದ ಹೊಗೆ, ದನದ ಫಾರ್ಮುಗಳಿಂದ ಬರುವ ಸಾರಜನಕ ಮಳೆಯ ಜೊತೆ ಬೀಳುತ್ತದೆ. ಹಾವಸೆ ಒಂದು ಮಟ್ಟದವರೆಗೆ ಹೀರಿಕೊಳ್ಳುತ್ತದೆ. ಆಮೇಲೆ ಅದು ಕೆಳಗೆ ಸೋರಿ ಹುಲ್ಲಿನ ಬೇರಿಗೆ ಸಿಗುತ್ತದೆ, ಹುಲ್ಲು ಎದ್ದು ಹಾವಸೆಗೆ ಬೆಳಕು ತಪ್ಪುತ್ತದೆ.

ಲೋಳೆ ಹಿಡಿದ ಭಾಗ ಕತ್ತರಿಯಿಂದ ತೆಗೆದೆ. ಮೇಲಿಂದ 60 ಲೀಟರ್ ಮಳೆನೀರು ನಿಧಾನವಾಗಿ ಬಿಟ್ಟು ಪಕ್ಕದ ತೂತಿನಿಂದ ಹೊರಗೆ ಹರಿಸಿದೆ. ನವೆಂಬರ್ 10ಕ್ಕೆ 34ಕ್ಕೆ ಬಂತು. ಮೂರನೇ ಒಂದು ಪಾಲು ಹಾವಸೆ ಹೋಯಿತು. ಈಗ ಮಳೆನೀರಿನ ಡ್ರಮ್ಮಿಗೆ ಅವ್ವನೇ ಕಾವಲು. ಕೆಲಸದವರು ಒಂದು ಚೆಂಬು ತೆಗೆದರೂ ಬಿಡುವುದಿಲ್ಲ.

ನವೆಂಬರ್ 16ರಿಂದ ಫೆಬ್ರವರಿ 16: ಹತ್ತಿ ಪಟ್ಟಿ

ಹಳೆ ಬನಿಯನ್ನಿನಿಂದ ಎರಡು ಪಟ್ಟಿ ಕತ್ತರಿಸಿ ಒಂದನ್ನು ಕರಿಬೇವಿನ ಕುಂಡದಲ್ಲಿ, ಇನ್ನೊಂದನ್ನು ಟಬ್‌ನ ತಳದ ಹತ್ತಿರ ಹೂತೆವು. ಮೂರು ತಿಂಗಳಿಗೆ ತೆಗೆದೆವು. ಕುಂಡದ್ದು ಕೈಯಲ್ಲೇ ಹರಿದು ಹೋಯಿತು, ಅರ್ಧ ಇರಲೇ ಇಲ್ಲ. ಟಬ್‌ನದು ಕಂದು ಬಣ್ಣಕ್ಕೆ ತಿರುಗಿತ್ತು, ಎಳೆದರೂ ಹರಿಯಲಿಲ್ಲ. ಕೆಳಗೆ ಆಮ್ಲಜನಕ ಇಲ್ಲ, ಮೇಲಾಗಿ ಹುಳಿ, ಕೊಳೆಸುವ ಜೀವಿಗಳಿಗೆ ಅಲ್ಲಿ ಕೆಲಸ ನಡೆಯುವುದಿಲ್ಲ. ಡೆನ್ಮಾರ್ಕ್‌ನಲ್ಲಿ 1950ರಲ್ಲಿ ಪೀಟ್ ಅಗೆಯುವವರಿಗೆ ಒಂದು ಹೆಣ ಸಿಕ್ಕಿತು. ಮುಖದ ಕೂದಲೂ ಕಾಣುವಷ್ಟು ಚೆನ್ನಾಗಿತ್ತು, ಈಚಿನ ಕೊಲೆ ಇರಬೇಕು ಅಂತ ಪೊಲೀಸರಿಗೆ ತಿಳಿಸಿದರು. ಅದು 2000 ವರ್ಷಕ್ಕೂ ಹಳೆಯ ಮನುಷ್ಯನದು. ಬನಿಯನ್ ಪಟ್ಟಿ ಕೈಯಲ್ಲಿ ಹಿಡಿದ ಮೇಲೆ ಆ ಕಥೆಯನ್ನು ನಂಬುವುದು ನನಗೆ ಕಷ್ಟವಾಗಲಿಲ್ಲ.

ಮಾರ್ಚ್ 8ರಿಂದ ಮೇ: ಬೇಸಿಗೆ

ಬಳ್ಳಾರಿ ಬಿಸಿಲು ಗೊತ್ತಲ್ವಾ. ಮಾರ್ಚ್ 20ಕ್ಕೆ ಟಬ್ ನೀರು ಮಧ್ಯಾಹ್ನ 38 ಡಿಗ್ರಿ. ದಿನಕ್ಕೆ 10 ಮಿಲಿಮೀಟರ್ ಇಳಿಯತೊಡಗಿತು. ಹಸಿರು ನೆರಳು ಪರದೆ ಕಟ್ಟಿದ ಮೇಲೆ 6ಕ್ಕೆ ಬಂತು, 33 ಡಿಗ್ರಿ. ಡ್ರಾಸೆರಾ ಅದನ್ನು ತಡೆಯಿತು. ಹಾವಸೆ ತಡೆಯಲಿಲ್ಲ.

ಹಾಗಾಗಿ ಉಳಿದ ಹಾವಸೆಯನ್ನು ಬೇರೆ ಮಾಡಿದೆ. ಒಂದು ಅಗಲ ಬಾಯಿಯ ಮಣ್ಣಿನ ಬಾನಿ, ಅದರೊಳಗೆ ಸಣ್ಣ ಮಣ್ಣಿನ ಕುಂಡ, ನಡುವೆ ಮರಳು. ಮರಳಿಗೆ ಬೋರ್ ನೀರು ಹಾಕಿದರೆ ಬಾನಿ ಬೆವರಿ ತಂಪಾಗುತ್ತದೆ, ಹೂಜಿಯ ಹಾಗೆ. ಮೆಟ್ಟಿಲ ಕೆಳಗೆ ಉತ್ತರ ದಿಕ್ಕಿಗೆ ಇಟ್ಟೆ. ಹೊರಗೆ 40 ಇದ್ದಾಗ ಒಳಗೆ 28. ಬಹಳ ಖುಷಿಯಾಯಿತು. ಹನ್ನೆರಡು ದಿನಕ್ಕೆ ಒಳಗಿನ ಟಿಡಿಎಸ್ 30ರಿಂದ 210ಕ್ಕೆ ಹೋಗಿತ್ತು. ಒಳಗಿನ ಕುಂಡವೂ ಮಣ್ಣಿನದೇ ಅಲ್ಲವಾ, ಬೋರ್ ನೀರು ಅದರ ಗೋಡೆ ದಾಟಿ ಒಳಗೆ ಬಂದಿತ್ತು. ಅರ್ಧಕ್ಕರ್ಧ ಹಾವಸೆ ಮತ್ತೆ ಹೋಯಿತು.

ಏಪ್ರಿಲ್ 6ಕ್ಕೆ ಒಳಗಿನದನ್ನು ತೆಗೆದು 30 ಸೆಂಟಿಮೀಟರ್ ಪ್ಲಾಸ್ಟಿಕ್ ಟಬ್ ಇಟ್ಟೆ. ತಂಪು ಒಂದು ಡಿಗ್ರಿ ಕಡಿಮೆಯಾಯಿತು, 29. ಆದರೆ ಉಪ್ಪು ಒಳಗೆ ಬರುವುದು ನಿಂತಿತು. ಮೇ ಕೊನೆಯವರೆಗೆ ಟಿಡಿಎಸ್ 40 ದಾಟಲಿಲ್ಲ. ಮಳೆನೀರು ಮೇ 9ಕ್ಕೆ ಖಾಲಿ. ಆಮೇಲೆ ಮೂರು ವಾರ ಅಂಗಡಿಯ ಬ್ಯಾಟರಿ ನೀರು, ದಿನಕ್ಕೆ ಎರಡು ಲೀಟರ್‌ನಂತೆ 42 ಲೀಟರ್. ಎಸಿ ನೀರು ಕೊಡಬಹುದಿತ್ತು, ಆದರೆ ಅದು ತಾಮ್ರದ ಕಾಯಿಲ್ ಮೇಲೆ ಇಳಿದು ಬರುತ್ತದೆ. ಹಾವಸೆಗೆ ತಾಮ್ರ ಆಗದು ಅಂತ ಬಿಟ್ಟೆ.

ಜೂನ್ 11: ಇವತ್ತಿನ ಸ್ಥಿತಿ

ಖರ್ಚು ಒಟ್ಟು 7,900 ರೂಪಾಯಿ ಹತ್ತಿರ, ಬ್ಯಾಟರಿ ನೀರು ಬಿಟ್ಟು. ಅದರಲ್ಲಿ ಕೋಕೋಪೀಟ್, ಸುಣ್ಣ ಬೆರೆತ ಪೀಟ್, ಮೊದಲ ಹಾವಸೆ, ಒಳಗಿನ ಮಣ್ಣಿನ ಕುಂಡ, ಇಷ್ಟು ಸೇರಿ 1,400 ಸುಮ್ನೆ ಹೋದದ್ದು.

ದೊಡ್ಡ ಟಬ್‌ನಲ್ಲಿ ಟಿಡಿಎಸ್ 38, ಪಿಎಚ್ 4.7. ನಾಲ್ಕು ಡ್ರಾಸೆರಾದಲ್ಲಿ ಮೂರು ಹೂ ಬಿಟ್ಟು ಬೀಜ ಉದುರಿಸಿ ಸತ್ತವು, ಅದರ ಆಯಸ್ಸೇ ಅಷ್ಟು. ಸುತ್ತ ಹದಿನೇಳು ಮರಿ ಎದ್ದಿವೆ, ಒಂದೊಂದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅವಕ್ಕೆ ನಾನು ಒಂದು ಚಿಟಿಕೆ ಗೊಬ್ಬರ ಹಾಕಿಲ್ಲ. ರಾತ್ರಿ ದೀಪಕ್ಕೆ ಬರುವ ಸಣ್ಣ ಹುಳುಗಳೇ ಅವುಗಳ ಸಾರಜನಕ. ಧೂಳಿಗೆ ಅಂತ ಕಟ್ಟಿದ್ದ ಪರದೆಯನ್ನು ಸಂಜೆ ಏಳಕ್ಕೆ ತೆಗೆದು ಬೆಳಿಗ್ಗೆ ಆರಕ್ಕೆ ಕಟ್ಟುತ್ತೇವೆ.

ಬಾನಿಯಲ್ಲಿ ಹಾವಸೆ ಅಂಗೈ ಅಗಲ ಉಳಿದಿದೆ. ನಡುವೆ ಇನ್ನೂ ಕಂದು, ಅಂಚಿನಲ್ಲಿ ಹಸಿರು. ಮೊನ್ನೆ ರಾತ್ರಿ ಮೊದಲ ಮಳೆ ಬಂತು. ಹತ್ತು ನಿಮಿಷ ಹೊರಗೆ ಬಿಟ್ಟು ಆಮೇಲೆ ಡ್ರಮ್‌ಗೆ ಪೈಪ್ ತಿರುಗಿಸಿದಳು ಮಗಳು, 31 ಲೀಟರ್, ಟಿಡಿಎಸ್ 11. ಈ ಸಲ ಇನ್ನೊಂದು ತಾಡಪತ್ರಿ, ಇನ್ನೆರಡು ಡ್ರಮ್ ಬೇಕು. ಮೇ ತಿಂಗಳ 42 ಲೀಟರ್ ಮಳೆಯದೇ ಆಗಬೇಕು.